ಘಾಟಿಯಲ್ಲಿ ಒಲಿಂದೊ ಕಂಡದ್ದು

ಸೊರ್ಬಾನೊ ಊರಿಗೆ ಮೊಟ್ಟಮೊದಲ ಟೆಲಿವಿಷನ್ ತಂದವನು ಬಾರಿನ ಒಲಿಂದೊ. ಬಸ್ಸಿನಿಂದ ಇಳಿಸಿ ಅದನ್ನು ಊರೊಳಕ್ಕೆ ಹೊತ್ತು ತಂದ ಹೇಸರಗತ್ತೆ ಆಮೇಲೆ ಒಂದು ವಾರ ಸೌದೆ ಹೊರಲು ಒಪ್ಪಲಿಲ್ಲ. ಅದಕ್ಕೂ ಅಂತಸ್ತು ಬಂದುಬಿಟ್ಟಿತ್ತು. ಪೆಟ್ಟಿಗೆಯನ್ನು ಬಾಟಲಿಗಳ ಕಪಾಟಿನ ಮೇಲೆ ಕೂರಿಸಿದ ದಿನ ಸುತ್ತಲಿನ ಹನ್ನೆರಡು ಹಳ್ಳಿಯ ಜನ ನೆರೆದಿದ್ದರು. ಹದಿಮೂರನೆಯ ಹಳ್ಳಿಯೂ ಬರುತ್ತಿತ್ತು, ಅಲ್ಲಿ ಜನ ಅಂತ ಇದ್ದಿದ್ದರೆ.

ಬಾರಿನಲ್ಲಿದ್ದದ್ದು ಒಂಬತ್ತೇ ಕುರ್ಚಿ. ಗುರುವಾರ ಸಂಜೆ ಮಿಲಾನಿನಿಂದ ಬರುವ ಪ್ರಶ್ನೆಯ ಪಂದ್ಯಕ್ಕೆ ಒಂಬತ್ತು ಕುರ್ಚಿ ಎಲ್ಲಿ ಸಾಕು? ಹಾಗಾಗಿ ಗುರುವಾರ ಬೆಳಕು ಹರಿಯುತ್ತಲೇ ಮನೆಮನೆಯಿಂದ ಕುರ್ಚಿಗಳ ಮೆರವಣಿಗೆ ಹೊರಡುತ್ತಿತ್ತು. ಮೊದಲು ಇಟ್ಟವರಿಗೆ ಮುಂದಿನ ಸಾಲು. ಕುರ್ಚಿಯ ಅಡಿಯಲ್ಲಿ ಮನೆಯ ಹೆಸರು ಬಣ್ಣದಲ್ಲಿ ಬರೆದಿರಬೇಕು. ಒಬ್ಬರದನ್ನು ಇನ್ನೊಬ್ಬರು ಗೇಣು ಸರಿಸಿದರೂ ಯುದ್ಧ. ಕುರ್ಚಿ ಸರಿಸಿದ ಕಾರಣಕ್ಕೆ ಆ ಊರಿನಲ್ಲಿ ಮೂರು ಮದುವೆ ಮುರಿದಿವೆ, ಒಂದು ಕೂಡಿದೆ. ಗುರುವಾರ ಮಧ್ಯಾಹ್ನ ಸೊರ್ಬಾನೊದ ಸಂಸಾರವಂದಿಗರೆಲ್ಲ ನಿಂತುಕೊಂಡೇ ಉಣ್ಣುತ್ತಿದ್ದರು.

ಮುಂದಿನ ಸಾಲಿನ ನಟ್ಟನಡುವೆ ಒಂದು ಹುಲ್ಲು ಹೆಣೆದ ಕುರ್ಚಿ ಇರುತ್ತಿತ್ತು. ಅದರ ಒಂದು ಕಾಲು ಮೋಟು, ಅದಕ್ಕೆ ಆಸರೆಯಾಗಿ ವೈನ್ ಬಾಟಲಿಯ ಬಿರಡೆ. ಅದು ಅಂಚೆಯ ಎವರಿಸ್ತೊನದು. ಅದನ್ನು ಯಾರೂ ಸರಿಸುತ್ತಿರಲಿಲ್ಲ.

ಎವರಿಸ್ತೊ ಸುಳ್ಳು ಹೇಳಿದ್ದನ್ನು ಕೇಳಿದ ಕಿವಿ ಆ ಬೆಟ್ಟಸಾಲಿನಲ್ಲೇ ಇರಲಿಲ್ಲ. ಎರಡು ಹೊಲದ ನಡುವಿನ ಗಡಿಕಲ್ಲಿನ ತಕರಾರಾದರೂ ಅಷ್ಟೆ, ಸತ್ತ ಹಸುವಿನ ವಯಸ್ಸಿನ ತಕರಾರಾದರೂ ಅಷ್ಟೆ, "ಎವರಿಸ್ತೊ ಏನಂದ?" ಎಂದು ಕೇಳಿ ಜನ ಮನೆಗೆ ಹೋಗಿ ಮಲಗುತ್ತಿದ್ದರು. ಚರ್ಚಿನ ಗಡಿಯಾರ ನಿಂತರೆ ಪಾದ್ರಿಗಳು ಗೋಪುರದ ಮೇಲಿಂದಲೇ ಅವನನ್ನು ಕೂಗಿ ಗಂಟೆ ಕೇಳುತ್ತಿದ್ದರು. ಅವನಿಗಿದ್ದದ್ದು ಒಂದೇ ಚಟ, ಸೈಕಲ್ ಪಂದ್ಯ. ಬಾರಿಗೆ ತಲುಪಿಸಬೇಕಾದ ಗುಲಾಬಿ ಬಣ್ಣದ ಆಟದ ಪತ್ರಿಕೆಯನ್ನು ದಾರಿಯುದ್ದಕ್ಕೂ ಓದಿಕೊಂಡು ಬರುವವನು. ಮೂವತ್ತು ವರ್ಷದಲ್ಲಿ ಯಾವ ಸವಾರನ ಯಾವ ಚಕ್ರ ಯಾವ ಮೈಲಿಗಲ್ಲಿನ ಹತ್ತಿರ ಪಂಕ್ಚರ್ ಆಯಿತು ಎಂದರೂ ಹೇಳುತ್ತಿದ್ದ. ತಾನು ಮಾತ್ರ ಅಂಚೆ ಚೀಲ ಹೊತ್ತು ನಡೆದೇ ಬೆಟ್ಟ ಹತ್ತುತ್ತಿದ್ದ, ಸೈಕಲ್ ತುಳಿಯಲು ಬರುತ್ತಿರಲಿಲ್ಲ.

ಅವನ ಜೀವದ ಗೆಳೆಯ ಒಲಿಂದೊ ಇದಕ್ಕೆ ಪೂರಾ ತಿರುಗುಮುರುಗು. ಒಲಿಂದೊನ ಬಾಯಿಗೆ ಇಲಿ ಹೊಕ್ಕರೆ ಆನೆಯಾಗಿ ಹೊರಬರುತ್ತಿತ್ತು. ಚಪ್ಪಟೆ ಪಾದವೆಂದು ಸೈನ್ಯದವರು ಅವನನ್ನು ವಾಪಸು ಕಳಿಸಿದ್ದರು, ಅವನು ಹೇಳುತ್ತಿದ್ದದ್ದು, "ನನ್ನೆದೆ ಅಳತೆಗೆ ಇಡೀ ಇಟಲೀಲಿ ಅಂಗಿ ಸಿಗ್ಲಿಲ್ಲ." ಒಬ್ಬ ಉಬ್ಬಿಸುವುದು, ಇನ್ನೊಬ್ಬ ಅಳೆಯುವುದು. ಇಬ್ಬರೂ ಜೊತೆಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

ಬಾರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ನೀಲಿ ಟೋಪಿ ಇತ್ತು. ಅದರ ಕತೆ ಊರಿಗೆಲ್ಲ ಬಾಯಿಪಾಠ. 1934ರಲ್ಲಿ ಏಳು ಕಣಿವೆಗಳ ಸೈಕಲ್ ಪಂದ್ಯ ಒಂದೇ ಒಂದು ಸಲ ಸೊರ್ಬಾನೊದ ನೆತ್ತಿಯ ಮೇಲಿನ ಫೋರ್ಕಾ ಘಾಟಿಯನ್ನು ದಾಟಿತು. ಅಂದು ಬಿದ್ದ ಮಂಜು ಎಂಥದ್ದೆಂದರೆ ಕುರಿಗಳು ತಮ್ಮ ಕಾಲನ್ನೇ ಬೇರೆ ಕುರಿಯದೆಂದು ತಿಳಿದು ಬೆದರುತ್ತಿದ್ದವು. ಊರವರೆಲ್ಲ ಕೆಳಗೆ ಚರ್ಚಿನ ಮುಂದೆ ಕಾದರು. ಘಾಟಿಗೆ ಹತ್ತಿದವನು ಒಲಿಂದೊ ಒಬ್ಬನೇ. ಮಹಾ ಸವಾರ ಕಸ್ತಾಲ್ದಿ ಎಲ್ಲರಿಗಿಂತ ಮುಂದಾಗಿ ಘಾಟಿ ದಾಟಿದ. ಒಲಿಂದೊ ಅವನ ಕುತ್ತಿಗೆಗೆ ತಣ್ಣೀರು ಸುರಿದ. ಕಸ್ತಾಲ್ದಿ ತನ್ನ ಟೋಪಿ ಕಿತ್ತು ಇವನ ತಲೆಗಿಟ್ಟು, "ತಮ್ಮಾ, ಇದು ನಿನಗೆ" ಎಂದ. ಕೆಳಗೆ ಚರ್ಚಿನ ಮುಂದೆಯೂ ಕಸ್ತಾಲ್ದಿಯೇ ಮೊದಲು ಬಂದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ನಿಜ ಸಂಗತಿ ಗೊತ್ತಿದ್ದದ್ದು ಎರಡೇ ಜೀವಕ್ಕೆ. ಒಲಿಂದೊ ಅಂದು ಅರ್ಧ ಬೆಟ್ಟ ಹತ್ತಿದ್ದು ಹೌದು. ಅರ್ಧದಲ್ಲಿ ಆರ್ಜಿಯಾಳ ಅಪ್ಪನ ಹುಲ್ಲಿನ ಕೊಟ್ಟಿಗೆ ಇತ್ತು, ಕೊಟ್ಟಿಗೆಯಲ್ಲಿ ಆರ್ಜಿಯಾ ಇದ್ದಳು. ಮಂಜು ಕರಗುವ ತನಕ ಅವನು ಅಲ್ಲಿಂದ ಕದಲಲಿಲ್ಲ. ಟೋಪಿ ತಗೊಂಡದ್ದು ಮೂರು ಭಾನುವಾರ ಕಳೆದ ಮೇಲೆ, ಆಸ್ಕೊಲಿಯ ಸಂತೆಯಲ್ಲಿ. ಈಗ ಆರ್ಜಿಯಾ ಅವನ ಹೆಂಡತಿ, ಮೂರು ಮಕ್ಕಳ ತಾಯಿ, ಬಾರಿನ ಕಾಫಿ ಯಂತ್ರದ ಒಡತಿ.

ಆ ವರ್ಷ ಎವರಿಸ್ತೊ ಸಾರ್ಡೀನಿಯಾದಲ್ಲಿ ಸೈನ್ಯದ ಚಾಕರಿಯಲ್ಲಿದ್ದ. ಅವನ ಕೈಗೆ ಸಿಕ್ಕ ಪತ್ರಿಕೆಯಲ್ಲಿ ಕೊನೆಗೆ ಗೆದ್ದವನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಪಂದ್ಯದ ಲೆಕ್ಕವೆಲ್ಲ ಬರೆದಿಡುತ್ತಿದ್ದ ಅವನ ಟಿಪ್ಪಣಿ ಪುಸ್ತಕದಲ್ಲಿ ತನ್ನ ಸ್ವಂತ ಊರಿನ ಘಾಟಿಯ ಸುದ್ದಿಯೇ ಖಾಲಿ. ರಜೆಗೆ ಬಂದವನು ಒಲಿಂದೊನನ್ನು ಕೇಳಿ ಬರೆದುಕೊಂಡ: "ಫೋರ್ಕಾ ಘಾಟಿ: ಕಸ್ತಾಲ್ದಿ ಮೊದಲು. ಕಂಡವನು ಒಲಿಂದೊ." ಮಿಕ್ಕ ಎಲ್ಲ ಸಾಲಿನ ಮುಂದೆ ಪತ್ರಿಕೆಯ ತಾರೀಕು ಇತ್ತು. ಈ ಒಂದು ಸಾಲಿನ ಮುಂದೆ ಮಾತ್ರ ಮನುಷ್ಯನ ಹೆಸರು.

ಮಿಲಾನಿನ ಪಂದ್ಯಕ್ಕೆ ಎವರಿಸ್ತೊನ ಹೆಸರು ಬರೆದು ಕಳಿಸಿದವನು ಒಲಿಂದೊನೇ. "ಸೊರ್ಬಾನೊದ ಅಂಚೆಯವನಿಗೆ ಗೊತ್ತಿಲ್ಲದ ಚಕ್ರ ಇನ್ನೂ ಉರುಳಿಲ್ಲ" ಎಂದು ಬರೆದಿದ್ದ. ಕರೆ ಬಂದಾಗ ಎವರಿಸ್ತೊ ಬಿಳಿಚಿಕೊಂಡ.

"ನಾನೊಲ್ಲೆ ಕಣಯ್ಯ. ಅಷ್ಟು ಜನದ ಮುಂದೆ ಏನಾದ್ರೂ ತಪ್ಪು ಹೇಳಿಬಿಟ್ರೆ?"

"ನೀನು? ತಪ್ಪು? ಲೋ, ನೀನು ತಪ್ಪು ಹೇಳಿದ್ರೆ ಸೂರ್ಯ ತನ್ನ ದಾರಿ ತಿದ್ಕೋತಾನೆ. ಹೋಗು!"

ಹೋದ. ಮೊದಲ ಗುರುವಾರ ಗೆದ್ದ. ಎರಡನೆಯ ಗುರುವಾರ ಗಾಜಿನ ಗೂಡಿನೊಳಗೆ, ಕಿವಿಗೆ ಯಂತ್ರ ಹಾಕಿಕೊಂಡು, ಏಳು ಸವಾರರ ಹೆಸರನ್ನು ಏಳು ಉಸಿರಿನಲ್ಲಿ ಹೇಳಿ ಗೆದ್ದ. ಸೊರ್ಬಾನೊದಲ್ಲಿ ಎದ್ದ ಕೂಗಿಗೆ ಕಣಿವೆಯ ಆಚೆ ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ. ಉಳಿದದ್ದು ಮೂರನೆಯ ಗುರುವಾರ, ಕೊನೆಯ ಪ್ರಶ್ನೆ.

ಹೊರಡುವ ಮುನ್ನ ಎವರಿಸ್ತೊ ಟಿಪ್ಪಣಿ ಪುಸ್ತಕ ಹಿಡಿದು ಬಾರಿಗೆ ಬಂದ.

"ಒಲಿಂದೊ, ಫೋರ್ಕಾದಲ್ಲಿ ಕಸ್ತಾಲ್ದಿ ತಾನೆ?"

ಆಗ ಬಾರಿನಲ್ಲಿ ಇದ್ದವರು ಇವರಿಬ್ಬರು ಮತ್ತು ಕಪ್ಪು ತೊಳೆಯುತ್ತಿದ್ದ ಆರ್ಜಿಯಾ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು, ಇಬ್ಬರೂ ನಕ್ಕುಬಿಡುತ್ತಿದ್ದರು. ಆದರೆ ಗೋಡೆಯ ಮೇಲೆ ಟೋಪಿ ಇತ್ತು, ಇಪ್ಪತ್ತೆರಡು ವರ್ಷದಿಂದ.

"ಈ ಎರಡು ಕಣ್ಣಿಂದ ಕಂಡಿದೀನಿ," ಎಂದ ಒಲಿಂದೊ.

ಆರ್ಜಿಯಾಳ ಕೈಯಿಂದ ಚಮಚೆಯೊಂದು ಜಾರಿತು. ಎವರಿಸ್ತೊ ಬಗ್ಗಿ ಎತ್ತಿಕೊಟ್ಟು ಹೋದ.

ಮೂರನೆಯ ಗುರುವಾರ ಬೀಸಿದ ಗಾಳಿಗೆ ಪಾದ್ರಿಗಳ ನಿಲುವಂಗಿ ಪಾದ್ರಿಗಳಿಲ್ಲದೆಯೇ ಚರ್ಚಿಗೆ ಹೋಗಿತ್ತಂತೆ. ಟೆಲಿವಿಷನ್ನಿನಲ್ಲಿ ಚಿತ್ರವೇ ಇಲ್ಲ. ಇನ್ನೂರು ಕುರ್ಚಿ ತುಂಬಿವೆ. ಎವರಿಸ್ತೊನ ಕುರ್ಚಿ ಮಾತ್ರ ಬಿರಡೆಯ ಮೇಲೆ ನೆಟ್ಟಗೆ, ಖಾಲಿಯಾಗಿ ಕೂತಿದೆ. ಒಲಿಂದೊ ಏಣಿ ಹತ್ತಿ ಮಾಡಿನ ಮೇಲೆ ಹೋಗಿ ಆಂಟೆನಾದ ಕಂಬ ಹಿಡಿದ. ಕ್ಷೌರದ ನಝರೇನೊ ಕಿಟಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತು ಸುದ್ದಿ ಸಾಗಿಸತೊಡಗಿದ.

"ಬಂತಾ?"

"ಬರೀ ಹಿಟ್ಟು ಉದುರ್ತಾ ಇದೆ!"

"ಈಗ?"

"ಈಗ ಎರಡು ಎವರಿಸ್ತೊ!"

"ಈಗ?"

"ಎಡಗೈ ಎತ್ತು... ಇನ್ನೂ ಎತ್ತು... ಹಾಂ! ಒಬ್ನೇ! ಬೆಣ್ಣೆ ಥರ ಬಂದ! ಹಾಗೇ ಇರು, ಉಸಿರೂ ಆಡ್ಬೇಡ!"

ಕಂಬ ಒಂದು ಕೈಯಲ್ಲಿ, ಇನ್ನೊಂದು ಕೈ ಆಕಾಶಕ್ಕೆ. ಕೈ ಇಳಿಸಿದರೆ ಚಿತ್ರ ಹೋಗುತ್ತಿತ್ತು. ಊರಿಗೆ ಟೆಲಿವಿಷನ್ ತಂದವನಿಗೆ, ಗೆಳೆಯನನ್ನು ಅದರೊಳಕ್ಕೆ ಕಳಿಸಿದವನಿಗೆ, ಆ ಸಂಜೆ ಅದರ ಮುಂದೆ ಕೂರಲಾಗಲಿಲ್ಲ. ಆದರೂ ಹಿಗ್ಗೇನು ಕಡಿಮೆಯಿರಲಿಲ್ಲ. ಇಟಲಿಯ ಗಾಳಿಯಲ್ಲಿ ಬರುವುದೆಲ್ಲ ತನ್ನ ಬೆರಳಿನ ತುದಿಯಿಂದಲೇ ಇಳಿದು ಹೋಗುತ್ತಿದೆ ಎಂದು ಅವನಿಗನ್ನಿಸಿತು.

ಆಗ ಕೆಳಗೆ ಗುಡುಗಿನಂಥ ಸದ್ದು. ನಝರೇನೊ ಕಿಟಕಿಯಿಂದ ಬೀಳುವಷ್ಟು ಹೊರಬಾಗಿ ಕಿರುಚಿದ:

"ಒಲಿಂದೊ! ನಮ್ಮೂರ ಹೆಸರು ಹೇಳಿದ್ರು ಕಣೋ! ನಮ್ದೇ ಪ್ರಶ್ನೆ! ಸಾವಿರದ ಒಂಬೈನೂರ ಮೂವತ್ತನಾಲ್ಕು, ಫೋರ್ಕಾ ಘಾಟಿ ಮೊದಲು ದಾಟಿದ್ದು ಯಾರು ಅಂತ! ಗೆದ್ವಿ ಕಣೋ, ಗೆದ್ವಿ!"

ಒಲಿಂದೊನ ಕೈ ಕೆಳಗೆ ಬಿತ್ತು.

"ಕೈ ಎತ್ತೋ ಕತ್ತೆ!" ಇನ್ನೂರು ಗಂಟಲು ಒಟ್ಟಿಗೆ.

ಅವನು ಎತ್ತಲಿಲ್ಲ. ಚಿತ್ರ ಕೆಡಿಸಿದರೆ ಮಿಲಾನಿನಲ್ಲಿ ಎವರಿಸ್ತೊನ ಬಾಯಿ ಕಟ್ಟುತ್ತದೇನೋ ಎಂಬಂತೆ ಕಂಬವನ್ನೂ ಬಿಟ್ಟ. ಗಾಳಿಗೆ ಕಂಬ ಗಿರ್ರನೆ ತಿರುಗಿತು. ಚಿತ್ರ ಹೋಯಿತು, ಧ್ವನಿ ಉಳಿಯಿತು.

"ಕಸ್ತಾಲ್ದಿ ಅಂದ!" ನಝರೇನೊ ಕೂಗಿದ. "ಗಟ್ಟಿಯಾಗಿ ಅಂದ, ಒಂಚೂರೂ ತಡೀಲಿಲ್ಲ!"

ಆಮೇಲೆ ಮಾಡಿನ ಹೆಂಚೊಂದು ಒಲಿಂದೊನ ಕಾಲಡಿ ಟಕ್ ಎಂದದ್ದು ಚರ್ಚಿನ ತನಕ ಕೇಳಿಸಿತು.

"ತಪ್ಪಂತೆ," ಎಂದ ನಝರೇನೊ, ಮೆಲ್ಲಗೆ. "ನರ್ದೀನಿ ಅಂತೆ. ಯಾವನಯ್ಯ ಅವನು ನರ್ದೀನಿ?"

ಆ ಕಾಲದಲ್ಲಿ ಗಾಳಿಯಲ್ಲಿ ಬಂದದ್ದು ಗಾಳಿಯಲ್ಲೇ ಹೋಗುತ್ತಿತ್ತು. ಹಿಡಿದಿಟ್ಟು ಇನ್ನೊಮ್ಮೆ ತೋರಿಸುವವರಿರಲಿಲ್ಲ. ಆ ಗಳಿಗೆ ಎವರಿಸ್ತೊನ ಮುಖ ಹೇಗಿತ್ತು ಎಂದು ಒಲಿಂದೊ ಆಮೇಲೆ ಎಷ್ಟು ಜನರನ್ನು ಕೇಳಿದರೂ ಕಂಡವರು ಯಾರೂ ಇರಲಿಲ್ಲ. ಚಿತ್ರ ಕೆಡಿಸಿದವನು ಅವನೇ ಅಲ್ಲವೆ.

ಊರು ಕೆರಳಿತು. "ಮಿಲಾನಿನವರ ಮೋಸ! ಒಲಿಂದೊ ಕಣ್ಣಾರೆ ಕಂಡಿಲ್ವಾ? ಟೋಪಿ ಇಲ್ವಾ?" ಹಿಂದೊಮ್ಮೆ ಹೀಗೇ ತಕರಾರು ಎತ್ತಿದವನನ್ನು ಪಂದ್ಯಕ್ಕೆ ವಾಪಸು ಕರೆದಿದ್ದರೆಂದು ಯಾರೋ ನೆನಪಿಸಿದರು. ಪಾದ್ರಿಗಳು ರಾತ್ರೋರಾತ್ರಿ ಅರ್ಜಿ ಬರೆದರು. ಇನ್ನೂರ ತೊಂಬತ್ತು ಜನರ ಊರಿನಿಂದ ಮುನ್ನೂರ ಹನ್ನೆರಡು ಸಹಿ ಬಿದ್ದವು; ಹೆಚ್ಚಿನ ಇಪ್ಪತ್ತೆರಡು ಜನ ಸ್ಮಶಾನದಿಂದ ಎದ್ದುಬಂದು ಹಾಕಿಹೋದದ್ದು. ಎಲ್ಲಕ್ಕಿಂತ ಮೇಲೆ ಒಂದು ಜಾಗ ಖಾಲಿ ಬಿಟ್ಟಿದ್ದರು: ಕಣ್ಣಾರೆ ಕಂಡ ಸಾಕ್ಷಿ.

ಶುಕ್ರವಾರ ಬೆಳಗ್ಗೆ ಆರ್ಜಿಯಾ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಗಂಡನ ಮುಂದೆ ನಿಂತಳು.

"ಹೇಳಿಬಿಡು."

"ಏನಂತ ಹೇಳ್ಲಿ? ನಿನ್ನ ಮಾನ..."

"ನನ್ನ ಮಾನ? ಮೂರು ಮಕ್ಕಳಾಗಿವೆ, ಅಪ್ಪ ಸತ್ತು ಹತ್ತು ವರ್ಷ ಆಯ್ತು, ಕೊಟ್ಟಿಗೆ ಮಾಡೂ ಕುಸಿದುಬಿತ್ತು. ಈಗ ಇಡೀ ಊರಿಗೆ ಡಂಗುರ ಹೊಡಿ, ನಂಗೇನು? ನನ್ನ ಸೆರಗಿನ ಹಿಂದೆ ಅಡಗಬೇಡ ನೀನು."

"ಅದಲ್ಲ ಕಣೆ..."

"ಮತ್ತೇನು?"

ಒಲಿಂದೊ ಬಾರಿನ ಕಡೆ ನೋಡಿದ. ಬಾಗಿಲ ಸಂದಿಯಿಂದ ಟೋಪಿ ಕಾಣುತ್ತಿತ್ತು. ಅದನ್ನು ಕಿತ್ತರೆ ಗೋಡೆಯ ಮೇಲೆ ಒಂದು ಬಿಳಿ ಚೌಕ ಉಳಿಯುತ್ತದೆ, ಜನ ದಿನವೂ ಅದನ್ನು ನೋಡುತ್ತಾರೆ. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ.

ಶನಿವಾರದ ಬಸ್ಸಿಗೆ ಎವರಿಸ್ತೊ ಬಂದಿಳಿದ. ಜನ ಅವನನ್ನು ಎತ್ತಿಕೊಂಡೇ ಬಾರಿಗೆ ತಂದರು. ಅವನು ಸುಸ್ತಾಗಿದ್ದ, ಅಂಗಿಯ ಕಾಲರು ಬೆವರಿಗೆ ಮೆತ್ತಗಾಗಿತ್ತು. ಅರ್ಜಿ ಓದಿದ. ಖಾಲಿ ಜಾಗದ ಮೇಲೆ ಬೆರಳಿಟ್ಟು ಗೆಳೆಯನ ಕಡೆ ನೋಡಿದ.

"ನಂಗೆ ಊರು ಬೇಡ, ಅರ್ಜಿ ಬೇಡ, ಒಲಿಂದೊ. ನೀನೊಂದು ಮಾತು ಹೇಳು. ಕಂಡೆ ಅಂದ್ರೆ ಈಗ್ಲೇ ವಾಪಸು ಹೋಗ್ತೀನಿ, ದೇವರು ಬಂದು ಅಲ್ಲ ಅಂದ್ರೂ ಬಿಡಲ್ಲ. ಇಲ್ಲ ಅಂದ್ರೆ... ಇಲ್ಲ ಅಂದ್ರೂ ಪರ್ವಾಗಿಲ್ಲ ಮಾರಾಯ. ಒಂದು ಕಾಫಿ ಕೊಡು, ಕುಡಿದು ಮನೆಗೆ ಹೋಗ್ತೀನಿ."

ಇದಕ್ಕಿಂತ ಅಗಲವಾದ ಬಾಗಿಲನ್ನು ಯಾವ ಗೆಳೆಯನೂ ಯಾವ ಗೆಳೆಯನಿಗೂ ತೆರೆದಿಟ್ಟಿಲ್ಲ. ಆರ್ಜಿಯಾ ಯಂತ್ರದ ಹಿಂದೆ ಒರೆಸಿದ ಲೋಟವನ್ನೇ ಒರೆಸುತ್ತಿದ್ದಳು. ಒಲಿಂದೊ ಬಾಯಿ ತೆರೆದ. ಎದುರಿಗೆ ಇಡೀ ಊರು. ಅಷ್ಟೂ ಜನ ತನ್ನ ಬಾಯನ್ನೇ ನೋಡುತ್ತಿರುವಾಗ ಸಣ್ಣ ಮಾತು ಆಡುವುದು ಅವನು ಕಲಿತೇ ಇರಲಿಲ್ಲ.

"ಕಂಡೆ," ಎಂದ. "ಇಲ್ಲಿ ನೀನು ನಿಂತಿದೀಯಲ್ಲ, ಅಷ್ಟು ಹತ್ತಿರದಿಂದ."

ಸಹಿ ಹಾಕಿದ. ಚೌಕಟ್ಟು ಒಡೆದು ಟೋಪಿ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ.

ಎವರಿಸ್ತೊ ಮಿಲಾನಿಗೆ ಹೋಗಿ ಬುಧವಾರ ತಿರುಗಿ ಬಂದ. ಬಾರು ಕಿಕ್ಕಿರಿದಿತ್ತು. ಅವನು ಕೂರಲಿಲ್ಲ. ಸುತ್ತಿದ ಕಾಗದವನ್ನು ಕಟ್ಟೆಯ ಮೇಲಿಟ್ಟು, ಜನರ ಕಡೆ ತಿರುಗಿ, ಮೆಲ್ಲನೆ ಹೇಳಿದ:

"ಅವರ ಹತ್ರ ಫೋಟೊ ಇದೆ. ಘಾಟಿಯ ಮೈಲಿಗಲ್ಲು, ಮಂಜು, ನಲವತ್ತೊಂದನೇ ನಂಬರಿನ ನರ್ದೀನಿ. ಅವನ ಹಿಂದೆ ಮುಂದೆ ಯಾರೂ ಇಲ್ಲ. ಇಳಿಜಾರಿನಲ್ಲಿ ಬಿದ್ದನಂತೆ ಅವನು, ಅದಕ್ಕೇ ಚರ್ಚಿನ ಹತ್ರ ಕಸ್ತಾಲ್ದಿ ಮೊದಲು ಬಂದ."

"ಹಂಗಾದ್ರೆ ಒಲಿಂದೊ?" ಎಂದರು ಪಾದ್ರಿಗಳು.

ಎವರಿಸ್ತೊನ ಕಿವಿ ಕೆಂಪಾಯಿತು.

"ಫೋಟೊದಲ್ಲಿ ಒಲಿಂದೊನೂ ಇದಾನೆ," ಎಂದ. "ಇಳಿಜಾರಿನ ಇನ್ನೊಂದು ಫೋಟೊದಲ್ಲಿ. ಮೈಲಿಗಲ್ಲಿಗಿಂತ ಕೆಳಗೆ ನಿಂತಿದಾನೆ, ಕೈಯಲ್ಲಿ ನೀರಿನ ಪಾತ್ರೆ. ಅಲ್ಲಿ ಮೊದಲು ಬಂದದ್ದು ಕಸ್ತಾಲ್ದಿನೇ. ಅವನು ಕಂಡದ್ದು ಸರಿ. ಎಲ್ಲಿ ನಿಂತು ಕಂಡೆ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದು."

ಜನ ನಿಟ್ಟುಸಿರು ಬಿಟ್ಟರು. ಎವರಿಸ್ತೊ ಹೇಳಿದ ಮೇಲೆ ಮುಗಿಯಿತು. ಆ ಕೆಂಪು ಕಿವಿಯ ಅರ್ಥ ಅಷ್ಟು ಜನರಲ್ಲಿ ಒಬ್ಬನಿಗೇ ಗೊತ್ತಾದದ್ದು. ನಲವತ್ತನಾಲ್ಕು ವರ್ಷದ ಮನುಷ್ಯ ತನ್ನ ಮೊದಲ ಸುಳ್ಳನ್ನು ಮಗು ಮೊದಲ ಹೆಜ್ಜೆ ಇಡುವಂತೆ ತಡವರಿಸುತ್ತ ಇಟ್ಟಿದ್ದ. ಸುಳ್ಳಿನ ಗರಡಿಯಲ್ಲೇ ಬೆಳೆದ ಒಲಿಂದೊನಿಗೆ ಅದರ ಒಂದೊಂದು ಕೀಲೂ ಕಾಣುತ್ತಿತ್ತು. ಇನ್ನೊಂದು ಫೋಟೊ ಇರಲಿಲ್ಲ, ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ಎವರಿಸ್ತೊ ತನ್ನ ಕುರ್ಚಿಯನ್ನು ಎತ್ತಿ ಹೆಗಲಿಗೇರಿಸಿಕೊಂಡ.

"ನಾಳೆ ಗುರುವಾರ ಕಣೋ," ಎಂದ ನಝರೇನೊ. "ಈಗ್ಯಾಕೆ ಒಯ್ತೀಯ?"

"ಮನೇಲಿ ಕೂರೋಕೆ ಬೇಕು."

ಅವನು ಹೋದ ಮೇಲೆ ನೆಲದ ಮೇಲೆ ಬಿರಡೆ ಉಳಿದಿತ್ತು. ಅವನ ಹಿಂದೆಯೇ ಓಡಿಹೋಗಿ ಕೊಡಬಹುದಿತ್ತು, ಬೀದಿಯಲ್ಲಿ ಇಬ್ಬರೇ ಇರುತ್ತಿದ್ದರು. ಒಲಿಂದೊ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ, ನಾಳೆ ಕೊಟ್ಟರಾಯಿತೆಂದು.

ಎವರಿಸ್ತೊ ಮತ್ತೆ ಬಾರಿಗೆ ಬರಲಿಲ್ಲ. ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದ. ಗಡಿಕಲ್ಲಿನ ತಕರಾರು ಕೇಳಲು ಬಂದವರಿಗೆ "ನಂಗೆ ಗೊತ್ತಿಲ್ಲಪ್ಪ" ಎನ್ನತೊಡಗಿದ. ಕೆಲವರು ಕಿಚಾಯಿಸುತ್ತಿದ್ದರು: "ಈ ಕಾಗದ ನಮ್ಮನೇದು ತಾನೆ? ಬೇಕಾದ್ರೆ ಮಿಲಾನಿಗೆ ಕೇಳು. ಊರ ಮುಂದಿನ ಘಾಟೀನೇ ಗೊತ್ತಿಲ್ಲದವನು ನೀನು!" ಅವನು ನಗುತ್ತಿದ್ದ. ವರ್ಷ ಕಳೆಯುವುದರೊಳಗೆ ಕಡಲ ಕಡೆಯ ಊರೊಂದಕ್ಕೆ ವರ್ಗ ಕೇಳಿ ಹೊರಟುಹೋದ.

ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಒಲಿಂದೊ ಪ್ರತಿ ಭಾನುವಾರವೂ ಹೊರಡುತ್ತಿದ್ದ. ಒಂದು ಭಾನುವಾರ ಹಿಮ, ಒಂದು ಭಾನುವಾರ ಗಿರಾಕಿ, ಒಂದು ಭಾನುವಾರ ಹೊಸ ಬೂಟು ಕಚ್ಚುತ್ತಿತ್ತು. ಈ ನಡುವೆ ಮನೆಮನೆಗೂ ಟೆಲಿವಿಷನ್ ಬಂತು, ಕುರ್ಚಿಗಳ ಮೆರವಣಿಗೆ ನಿಂತಿತು, ಗುರುವಾರ ಜನ ಕೂತು ಉಣ್ಣತೊಡಗಿದರು. ಬಾರಿನಲ್ಲಿ ಮೊದಲಿನ ಒಂಬತ್ತೇ ಕುರ್ಚಿ ಉಳಿದವು.

ಏಳನೆಯ ಚಳಿಗಾಲದಲ್ಲಿ ಹೊಸ ಅಂಚೆಯವನು ಕಾಫಿ ಕುಡಿಯುತ್ತ ಹೇಳಿದ, "ನಿಮ್ಮೂರಿನ ಎವರಿಸ್ತೊ ತೀರಿಕೊಂಡ್ರಂತೆ. ಎದೆನೋವು. ಅಂಚೆ ಚೀಲ ಹೆಗಲ ಮೇಲೇ ಇತ್ತಂತೆ."

ಆ ಸಂಜೆ ಬಾರಿನಲ್ಲಿ ಇದ್ದವರು ಏಳೆಂಟು ಜನ. ಎಲ್ಲರೂ ಸತ್ತವನ ಗುಣಗಾನ ಮಾಡುತ್ತಿದ್ದರು: ಅಂಥ ಸತ್ಯವಂತ ಇನ್ನು ಹುಟ್ಟುವುದಿಲ್ಲ ಎಂದರು. ಒಲಿಂದೊ ಕಟ್ಟೆಯ ಹಿಂದಿನಿಂದ ಹೊರಗೆ ಬಂದು ಬಾರಿನ ನಡುವೆ ನಿಂತ. ಅವನ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬಂದದ್ದನ್ನು ಯಾರೂ ಕೇಳಿರಲಿಲ್ಲ.

"ನಾನು ಘಾಟಿಗೆ ಹೋಗ್ಲೇ ಇಲ್ಲ. ಅವತ್ತು ಆರ್ಜಿಯಾಳ ಅಪ್ಪನ ಕೊಟ್ಟಿಗೇಲಿದ್ದೆ. ಟೋಪಿ ಆಸ್ಕೊಲಿ ಸಂತೇಲಿ ತಗೊಂಡಿದ್ದು. ಎವರಿಸ್ತೊ ಸೋತದ್ದು ನನ್ನಿಂದ. ಇನ್ನೊಂದು ಫೋಟೊ ಇರ್ಲಿಲ್ಲ. ಅವನು ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ."

ನಝರೇನೊ ತೊಡೆ ತಟ್ಟಿಕೊಂಡು ನಕ್ಕ, ಅವನ ಹಿಂದೆ ಉಳಿದವರೂ ನಕ್ಕರು.

"ಕೊಟ್ಟಿಗೆಯಂತೆ! ಕೇಳಿದ್ರಾ ಹೊಸ ಕತೆ? ಲೋ ಒಲಿಂದೊ, ಜೀವಮಾನವಿಡೀ ಬುರುಡೆ ಬಿಟ್ಟೆ, ನಕ್ಕು ಸುಮ್ನಾದ್ವಿ. ಇವತ್ತೊಂದಿನ ಬಿಡೋ. ನೀನು ಘಾಟೀಲಿ ಇದ್ದೆ."

"ಇರ್ಲಿಲ್ಲ ಕಣೋ, ದೇವರಾಣೆ. ಆರ್ಜಿಯಾನ ಕೇಳಿ..."

"ಅವಳ್ಯಾಕೆ? ಎವರಿಸ್ತೊನೇ ಹೇಳಿದಾನಲ್ಲ, ಇಲ್ಲೇ ನಿಂತು, ನಮ್ಮೆಲ್ಲರ ಮುಂದೆ," ಎಂದ ನಝರೇನೊ, ತನ್ನ ತಲೆಯ ಟೋಪಿ ತೆಗೆದು ಎದೆಗಿಟ್ಟುಕೊಂಡು. "ಎವರಿಸ್ತೊ ಸುಳ್ಳು ಹೇಳ್ತಾನಾ?"

ಒಲಿಂದೊ ಆರ್ಜಿಯಾಳ ಕಡೆ ನೋಡಿದ. ಅವಳು ಕಾಫಿ ಯಂತ್ರದ ಕಡೆ ಮುಖ ತಿರುಗಿಸಿಕೊಂಡಿದ್ದಳು. ಅವನ ಕೈ ಜೇಬಿನೊಳಗೆ ಬಿರಡೆಯನ್ನು ಹಿಡಿದಿತ್ತು.